ಜಪಾನಿನ ಪುಷ್ಪಖಗಚಿತ್ರದ ಪುನರುಜ್ಜೀವನಗಳು

ಹಳೆಯ ದೇವಾಲಯವೊಂದರ ಜೀರ್ಣೋದ್ಧಾರವನ್ನು ಶಾಸನದಲ್ಲಿ ಓದುವಾಗ ಚರಿತ್ರಕಾರನಿಗೆ ಒಂದು ಸಂದೇಹವು ಸಹಜವಾಗಿ ಹುಟ್ಟುತ್ತದೆ: ಎತ್ತಿ ನಿಲ್ಲಿಸಿದುದು ಯಾವುದು, ಹೊಸದಾಗಿ ಕಟ್ಟಿದುದು ಯಾವುದು, ಈ ನಡುವೆ ಸದ್ದಿಲ್ಲದೆ ಬಿಟ್ಟುಹೋದುದು ಯಾವುದು? ಶಾಸನವು ಮೊದಲನೆಯದನ್ನು ಹೊಗಳುತ್ತದೆ. ಎರಡನೆಯದನ್ನು ಮೊದಲನೆಯದರೊಳಗೆ ಸೇರಿಸಿಬಿಡುತ್ತದೆ. ಮೂರನೆಯದನ್ನು ಕುರಿತು ಮಾತೇ ಆಡುವುದಿಲ್ಲ. ಕಲಾಪ್ರಕಾರಗಳ ಪುನರುಜ್ಜೀವನವನ್ನು ವರ್ಣಿಸುವ ಗ್ರಂಥಗಳೂ ಬಹುಮಟ್ಟಿಗೆ ಇಂಥ ಶಾಸನಗಳೇ ಆಗಿವೆ. ಜಪಾನಿನ ಪುಷ್ಪಖಗಚಿತ್ರವು ಕಳೆದ ಮೂರು ಶತಮಾನಗಳಲ್ಲಿ ಒಂದಲ್ಲ, ಹಲವು ಸಲ ಉದ್ಧಾರಗೊಂಡಿತೆಂದು ಹೇಳುವುದುಂಟು. ಆ ಉದ್ಧಾರಗಳಲ್ಲಿ ಉಳಿದುದೇನು, ಅಳಿದುದೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಸಾಹಿತ್ಯಾಭ್ಯಾಸಿಗಳ ಮುಂದೆ ಚಿತ್ರಕಲೆಯ ವಿಷಯವನ್ನು ಏಕೆ ತರಬೇಕೆಂದು ಕೇಳುವವರಿಗೆ, ಇಲ್ಲಿ ಅಳಿದ ಪದಾರ್ಥವು ಸಾಹಿತ್ಯವೇ ಆಗಿದೆ ಎಂಬುದು ನಮ್ಮ ಉತ್ತರ.

ಜಪಾನೀಯರು ಈ ಪ್ರಕಾರವನ್ನು ‘ಕಚೋಗ’ ಎಂದು ಕರೆಯುತ್ತಾರೆ. ‘ಕ’ ಎಂದರೆ ಹೂವು, ‘ಚೋ’ ಎಂದರೆ ಹಕ್ಕಿ, ‘ಗ’ ಎಂದರೆ ಚಿತ್ರ. ಮರದ ಅಚ್ಚಿನಿಂದ ಒತ್ತಿ ತೆಗೆದುದಾದರೆ ‘ಕಚೋಎ’ ಎಂಬ ಹೆಸರೂ ಉಂಟು. ಹೆಸರಿನಲ್ಲಿ ಹೂವು ಹಕ್ಕಿಗಳು ಮಾತ್ರ ಇದ್ದರೂ ಚಿಟ್ಟೆ, ಮಿಡತೆ, ಮೀನು, ಕಪ್ಪೆಗಳಿಗೂ ಇಲ್ಲಿ ಎಡೆಯುಂಟು. ಆದರೆ ಯಾವ ಹೂವಿನ ಬಳಿ ಯಾವ ಹಕ್ಕಿ ಎಂಬುದು ಚಿತ್ರಕಾರನ ಮನಬಂದಂತೆ ನಡೆಯುವ ವಿಷಯವಲ್ಲ. ಚಂದ್ರಿಕೆಗೆ ಚಕೋರ, ಮಳೆಹನಿಗೆ ಚಾತಕ, ಮಾವಿನ ಚಿಗುರಿಗೆ ಕೋಗಿಲೆ ಎಂದು ನಮ್ಮ ಕವಿಗಳು ಒಪ್ಪಿಕೊಂಡು ಬಂದಿರುವ ಕವಿಸಮಯವುಂಟಷ್ಟೆ. ಅದೇ ಬಗೆಯ ಸಮಯವೊಂದು ಅಲ್ಲಿಯೂ ಉಂಟು. ಪ್ಲಮ್ ಹೂವಿಗೆ ಉಗುಇಸು ಎಂಬ ಹಾಡುಹಕ್ಕಿ, ಬಿದಿರಿಗೆ ಗುಬ್ಬಿ, ಜೊಂಡಿಗೆ ಕಾಡುಬಾತು, ಪೈನ್ ಮರಕ್ಕೆ ಕ್ರೌಂಚ. ಕ್ರೌಂಚವು ವಾಸ್ತವವಾಗಿ ಮರದ ಮೇಲೆ ಕೂಡುವ ಹಕ್ಕಿಯಲ್ಲ; ಜೌಗು ನೆಲದಲ್ಲಿ ನಡೆದಾಡುವ ಹಕ್ಕಿ. ಪೈನ್ ಮರವೂ ಕ್ರೌಂಚವೂ ದೀರ್ಘಾಯುಸ್ಸಿನ ಸಂಕೇತಗಳಾದುದರಿಂದ ಅವೆರಡಕ್ಕೂ ನಂಟು ಕೂಡಿತು. ಇದು ಪಕ್ಷಿಶಾಸ್ತ್ರದ ಮಾತಲ್ಲ, ಕಾವ್ಯದ ಮಾತು.

ಈ ಸಮಯವು ಕಾವ್ಯದಿಂದಲೇ ಚಿತ್ರಕ್ಕೆ ಇಳಿಯಿತೆಂಬುದಕ್ಕೆ ಒಂದು ಸ್ಪಷ್ಟವಾದ ಆಧಾರವುಂಟು. ಕ್ರಿ. ಶ. 1214ರಲ್ಲಿ ಫುಜಿವಾರ ತೇಯ್ಕಾ ಎಂಬ ಕವಿಯು ವರುಷದ ಹನ್ನೆರಡು ತಿಂಗಳುಗಳಿಗೆ ಹನ್ನೆರಡು ಹೂಗಳನ್ನೂ ಹನ್ನೆರಡು ಹಕ್ಕಿಗಳನ್ನೂ ಗೊತ್ತುಪಡಿಸಿ, ಒಂದೊಂದಕ್ಕೆ ಒಂದೊಂದರಂತೆ 24 ಪದ್ಯಗಳನ್ನು ರಚಿಸಿದನು. ಎರಡನೆಯ ತಿಂಗಳಿಗೆ ಚೆರಿ ಹೂವು ಮತ್ತು ಫೆಸೆಂಟ್ ಹಕ್ಕಿ. ಎಂಟನೆಯದಕ್ಕೆ ಹಾಗಿ ಎಂಬ ಪೊದೆಯ ಹೂವು ಮತ್ತು ಆ ಋತುವಿನಲ್ಲಿ ಮೊದಲಾಗಿ ಬರುವ ಕಾಡುಬಾತು. ಒಂಬತ್ತನೆಯದಕ್ಕೆ ಸುಸುಕಿ ಹುಲ್ಲು ಮತ್ತು ಲಾವುಗೆ. ಹತ್ತನೆಯದಕ್ಕೆ ತಡವಾಗಿ ಅರಳುವ ಸೇವಂತಿಗೆ ಮತ್ತು ಕ್ರೌಂಚ. ಸುಮಾರು ಐದು ಶತಮಾನಗಳ ತರುವಾಯ, 1702ರಲ್ಲಿ, ಒಗಾತ ಕೆಂಜಾನ್ ಎಂಬ ಕುಂಭಕಲಾವಿದನು ಈ ಹನ್ನೆರಡು ತಿಂಗಳ ಹೂವುಹಕ್ಕಿಗಳನ್ನು ಚೌಕಾಕಾರದ ತಟ್ಟೆಗಳ ಒಂದು ಮುಖದಲ್ಲಿ ಚಿತ್ರಿಸಿ, ಹಿಂಬದಿಯಲ್ಲಿ ತೇಯ್ಕಾನ ಪದ್ಯಗಳನ್ನು ಬರೆದನು. ತಟ್ಟೆಯನ್ನು ತಿರುಗಿಸಿದರೆ ಪದ್ಯ, ಮರಳಿ ತಿರುಗಿಸಿದರೆ ಚಿತ್ರ. ಪುಷ್ಪಖಗಚಿತ್ರದ ಸ್ವರೂಪವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ವಸ್ತುವನ್ನು ನಾವು ಅರಿಯೆವು.

ಮೂಲವು ಚೀನದ್ದೆಂಬುದನ್ನು ಜಪಾನೀಯರೇ ಮುಚ್ಚಿಟ್ಟಿಲ್ಲ. ಸೋಂಗ್ ವಂಶದ ಸಮ್ರಾಟ ಹುಯ್‌ಜೋಂಗ್ (ಆಳಿಕೆ 1100–1125) ಸ್ವತಃ ಹೂವು ಹಕ್ಕಿಗಳ ಚಿತ್ರಕಾರನಾಗಿದ್ದನು. ಅವನ ಚಿತ್ರಶಾಲೆಯಲ್ಲಿ ಕಲಾವಿದರಿಗೆ ಪದ್ಯದ ಒಂದು ಸಾಲನ್ನು ಕೊಟ್ಟು ಅದನ್ನು ಚಿತ್ರವಾಗಿಸಿರೆಂದು ಪರೀಕ್ಷೆ ಮಾಡುತ್ತಿದ್ದರು. ರಾಜ್ಯವನ್ನು ಜುರ್ಚೆನರಿಗೆ ಕಳೆದುಕೊಂಡು ಸೆರೆಯಲ್ಲಿ ಸತ್ತ ಈ ಅರಸನನ್ನು ರಾಜಕೀಯ ಚರಿತ್ರೆಯು ಕ್ಷಮಿಸಿಲ್ಲ; ಕಲೆಯ ಚರಿತ್ರೆಯು ಮರೆತಿಲ್ಲ. 1467ರಲ್ಲಿ ಚೀನಕ್ಕೆ ಹೋಗಿ 1469ರಲ್ಲಿ ಹಿಂದಿರುಗಿದ ಸೆಸ್ಷು ಎಂಬ ಸನ್ಯಾಸಿಯೂ, ಅವನ ತರುವಾಯ ಕಾನೊ ಮನೆತನದವರೂ ಈ ವಿದ್ಯೆಯನ್ನು ಮಠಗಳ ಜಾರುಬಾಗಿಲುಗಳಿಗೂ ಪ್ರಭುಗಳ ಮಡಿಕೆತೆರೆಗಳಿಗೂ ಹಬ್ಬಿಸಿದರು. ಕಾಲಕ್ರಮದಲ್ಲಿ ಕಾನೊ ಚಿತ್ರಕಾರರು ಸರ್ಕಾರದ ಆಶ್ರಿತರಾಗಿ, ಗುರುವಿನ ಪ್ರತಿಗಳನ್ನು ಶಿಷ್ಯನು, ಶಿಷ್ಯನ ಪ್ರತಿಗಳನ್ನು ಪ್ರಶಿಷ್ಯನು ತಿದ್ದುವ ಸ್ಥಿತಿಗೆ ಬಂದರು. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಪುಷ್ಪಖಗಚಿತ್ರವು ಸತ್ತಿರಲಿಲ್ಲ. ಆದರೆ ಹಕ್ಕಿಯನ್ನು ನೋಡಿ ಹಕ್ಕಿಯನ್ನು ಬರೆಯುವವರು ವಿರಳವಾಗಿದ್ದರು.

ಮೊದಲನೆಯ ಪುನರುಜ್ಜೀವನವು ಒಬ್ಬ ಪರದೇಶಿಯಿಂದ ಆಯಿತು. ಆ ಕಾಲದಲ್ಲಿ ಜಪಾನು ಹೊರಗಿನವರಿಗೆ ಬಾಗಿಲು ಮುಚ್ಚಿದ್ದಿತಷ್ಟೆ. ಚೀನೀಯರೂ ಡಚ್ಚರೂ ವ್ಯಾಪಾರಕ್ಕೆ ಬರಬಹುದಾಗಿದ್ದ ರೇವು ನಾಗಾಸಾಕಿಯೊಂದೇ. ಅಲ್ಲಿಗೆ 1731ರ ಕೊನೆಯಲ್ಲಿ ಶೆನ್ ಕ್ವಾನ್ ಎಂಬ ಚೀನೀ ಚಿತ್ರಕಾರನು ಬಂದಿಳಿದನು. ಜಪಾನೀಯರು ಅವನನ್ನು ನಾನ್ಪಿನ್ ಎಂಬ ಹೆಸರಿನಿಂದ ಬಲ್ಲರು. ಅವನು ಅಲ್ಲಿ ಇದ್ದುದು ಎರಡು ವರುಷಗಳಿಗೂ ಕಡಮೆ, 1733ರಲ್ಲಿ ಹಿಂದಿರುಗಿದನು. ಅವನಿಂದ ನೇರವಾಗಿ ಕಲಿತವನು ಕುಮಾಷಿರೊ ಯೂಹಿ ಎಂಬವನು. ಯೂಹಿಯ ಮೂಲಕ ಈ ರೀತಿಯು ಹಬ್ಬಿ, ಸೊ ಷಿಸೆಕಿ (1715–1786) ಎಂಬವನು ಅದನ್ನು ಎದೊ ನಗರಕ್ಕೆ ಒಯ್ದನು. ಗರಿಯ ಎಳೆ ಎಳೆಯನ್ನೂ ಎಲೆಯ ಹುಳುಕಡಿತವನ್ನೂ ಬಿಡದೆ ಬರೆಯುವುದು, ಗಾಢವಾದ ವರ್ಣವನ್ನು ತುಂಬುವುದು ಈ ಪಂಥದ ಲಕ್ಷಣ. ಸ್ವದೇಶದಲ್ಲಿ ನಾನ್ಪಿನ್ ದೊಡ್ಡ ಹೆಸರಿನವನಲ್ಲ. ಎಲ್ಲಿ ಹಸಿವಿದ್ದಿತೋ ಅಲ್ಲಿ ಅನ್ನಕ್ಕೆ ಬೆಲೆ ಬಂದಿತು ಎನ್ನಬೇಕಷ್ಟೆ.

ಈ ಹೊಸ ಗಾಳಿಯು ಸೋಕಿದವರಲ್ಲಿ ಅಗ್ರಗಣ್ಯನು ಕ್ಯೋತೊದ ಇತೊ ಜಾಕುಚು (1716–1800). ನಿಷಿಕಿ ಪೇಟೆಯ ಸಗಟು ತರಕಾರಿ ವ್ಯಾಪಾರಿಯ ಹಿರಿಯ ಮಗನಾದ ಇವನು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಚಿತ್ರಕ್ಕೆ ಕೈಯಿಟ್ಟನು. ಕಾನೊ ರೀತಿಯನ್ನು ಅಭ್ಯಾಸ ಮಾಡಿದನು. ಮಠಗಳಲ್ಲಿದ್ದ ಚೀನೀ ಚಿತ್ರಗಳನ್ನು ಪ್ರತಿಮಾಡಿದನು. ಎರಡರಿಂದಲೂ ತೃಪ್ತಿಯಾಗದೆ ಮನೆಯ ಅಂಗಳದಲ್ಲಿ ಹತ್ತಾರು ಕೋಳಿಗಳನ್ನು ಸಾಕಿ ಅವುಗಳ ನಡೆನುಡಿಗಳನ್ನು ನೋಡುತ್ತ ಕುಳಿತನು. ಈ ವೃತ್ತಾಂತವನ್ನು ಅವನ ಮಿತ್ರನಾದ ದೈತೆನ್ ಎಂಬ ಸನ್ಯಾಸಿಯು ಬರೆದಿಟ್ಟಿದ್ದಾನೆ. ಸುಮಾರು 1757ರಿಂದ 1766ರವರೆಗೆ ರೇಷ್ಮೆಯ ಮೇಲೆ ಬರೆದ ಮೂವತ್ತು ಪಟಗಳನ್ನು ಅವನು ಶೋಕೊಕು-ಜಿ ಎಂಬ ಮಠಕ್ಕೆ ಅರ್ಪಿಸಿದನು. ಕೋಳಿ, ನವಿಲು, ಮೀನು, ಕಪ್ಪೆ, ಹಿಮ ಹೊತ್ತ ಜೊಂಡು, ಇವೆಲ್ಲವೂ ಅಲ್ಲಿ ಉಂಟು. ಈ ಪಟಗಳ ಮುಂದಿನ ಕಥೆಯನ್ನು ಕೊನೆಗೆ ಹೇಳುವೆವು.

ಜಾಕುಚುವಿನ ಪಟಗಳು ಮಠದೊಳಗೆ ಇದ್ದವು. ಜನಸಾಮಾನ್ಯರ ಕೈಗೆ ಪುಷ್ಪಖಗಚಿತ್ರವು ಸೇರಿದುದು ಮರದ ಅಚ್ಚಿನ ಮೂಲಕ. 1830ರ ದಶಕದಲ್ಲಿ ಹೊಕುಸಾಯ್ ಮತ್ತು ಹಿರೊಷಿಗೆ (1797–1858) ಇಬ್ಬರೂ ಎದೊ ನಗರದ ಪ್ರಕಾಶಕರಿಗಾಗಿ ಹೂವುಹಕ್ಕಿಗಳ ಅಚ್ಚುಚಿತ್ರಗಳನ್ನು ರಚಿಸಿದರು. ಇಲ್ಲಿ ನಮಗೆ ಮುಖ್ಯವಾದುದು ಹಿರೊಷಿಗೆಯ ಚಿತ್ರಗಳು ಒತ್ತಲ್ಪಟ್ಟ ಹಾಳೆಯ ಆಕಾರ. ಉದ್ದವಾಗಿ ಕಿರಿದಾದ ಆ ಹಾಳೆಗೆ ‘ತಾಂಜಾಕು’ ಎಂದು ಹೆಸರು. ತಾಂಜಾಕು ಎಂದರೆ ಪದ್ಯವನ್ನು ಬರೆಯುವ ಕಾಗದದ ಪಟ್ಟಿ. ಅಂದರೆ ಹಕ್ಕಿಯು ಬಂದು ಕುಳಿತುದು ಪದ್ಯದ ಮನೆಯಲ್ಲಿ. ಮನೆಯೊಡತಿಯನ್ನು ಹೊರಕ್ಕೆ ಅಟ್ಟಿರಲಿಲ್ಲ: ಹಿರೊಷಿಗೆಯ ಈ ಚಿತ್ರಗಳಲ್ಲಿ ಬಹುಭಾಗ ಮೇಲುಗಡೆಯ ಬಯಲಿನಲ್ಲಿ ಹೈಕುವೋ, ವಿನೋದಪದ್ಯವೋ, ಚೀನೀ ಶ್ಲೋಕವೋ ಇದ್ದೇ ಇರುತ್ತದೆ. ಪದ್ಯವು ಹೇಳದುದನ್ನು ಚಿತ್ರವೂ, ಚಿತ್ರವು ತೋರದುದನ್ನು ಪದ್ಯವೂ ತುಂಬುತ್ತವೆ. ಪ್ರಸಂಗವಶಾತ್ ಒಂದು ಮಾತು: ಆ ಕಾಲದ ಅಚ್ಚುಚಿತ್ರಗಳಲ್ಲಿ ನಮ್ಮ ಕಣ್ಣಿಗೆ ‘ಅಪ್ಪಟ ಜಪಾನೀ’ ಎಂದು ತೋರುವ ಗಾಢ ನೀಲಿಯು ಯುರೋಪಿನಲ್ಲಿ ಹುಟ್ಟಿದ ಪ್ರಷ್ಯದ ನೀಲಿ. 1830ರ ಸುಮಾರಿನಲ್ಲಿ ಅದು ಅಗ್ಗವಾಗಿ ದೊರೆತುದರಿಂದ ಬಳಕೆಗೆ ಬಂದಿತು. ಸಂಪ್ರದಾಯದ ಶುದ್ಧಿಯನ್ನು ಕುರಿತು ವಾದಿಸುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

1868ರ ರಾಜ್ಯಪರಿವರ್ತನೆಯ ತರುವಾಯ ಎಲ್ಲವೂ ತಲೆಕೆಳಗಾಯಿತು. ಪ್ರಭುಗಳ ಆಶ್ರಯವು ತಪ್ಪಿದ ಕಾನೊ ಚಿತ್ರಕಾರರು ಹೊಟ್ಟೆಗಾಗಿ ಪರದಾಡಿದರು. ಭೂಮಿಯನ್ನು ಕಳೆದುಕೊಂಡ ಬೌದ್ಧಮಠಗಳು ತಮ್ಮ ನಿಧಿಗಳನ್ನು ಮಾರಿದುವು. 1876ರಲ್ಲಿ ಸರ್ಕಾರವು ಇಟಲಿಯ ಗುರುಗಳನ್ನು ಕರೆಸಿ ತೈಲಚಿತ್ರದ ಶಾಲೆಯನ್ನು ತೆರೆಯಿತು. ಈ ಸಮಯದಲ್ಲಿ, 1878ರಲ್ಲಿ, ತೋಕ್ಯೊ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕನಾಗಿ ಬಂದ ಅಮೆರಿಕದ ಅರ್ನೆಸ್ಟ್ ಫೆನಲೋಸ ಎಂಬ ತರುಣನು 1882ರಲ್ಲಿ ಮಾಡಿದ ಒಂದು ಉಪನ್ಯಾಸವು ಸ್ವದೇಶೀ ಚಿತ್ರಕಲೆಯ ಪುನರುಜ್ಜೀವನಕ್ಕೆ ನಾಂದಿಯೆಂದು ಎಲ್ಲರೂ ಬರೆಯುತ್ತಾರೆ. ಜಪಾನೀಯರು ತಮ್ಮ ಕಲೆಯನ್ನು ಬಿಟ್ಟು ಪಶ್ಚಿಮದ ಅನುಕರಣಕ್ಕೆ ಹೋಗಬಾರದೆಂಬುದು ಅದರ ತಾತ್ಪರ್ಯ. ಆದರೆ ಅದೇ ಉಪನ್ಯಾಸದಲ್ಲಿ ಅವನು ತೈಲಚಿತ್ರವನ್ನು ಮಾತ್ರವಲ್ಲದೆ ಜಪಾನಿನ ವಿದ್ವತ್‌ಚಿತ್ರವನ್ನೂ, ಎಂದರೆ ಪದ್ಯವನ್ನು ಬರೆದು ಪದ್ಯದ ಭಾವವನ್ನೇ ನೆಚ್ಚಿಕೊಂಡಿದ್ದ ಪಂಡಿತರ ಚಿತ್ರಪದ್ಧತಿಯನ್ನೂ, ಉಗ್ರವಾಗಿ ಖಂಡಿಸಿದನೆಂಬುದನ್ನು ಅಷ್ಟಾಗಿ ಯಾರೂ ಎತ್ತಿ ಹೇಳುವುದಿಲ್ಲ. ಚಿತ್ರವು ಸಾಹಿತ್ಯದ ಊರುಗೋಲನ್ನು ಹಿಡಿಯಬಾರದು. ರೇಖೆ, ವರ್ಣ, ನೆರಳುಬೆಳಕುಗಳ ಏಕತೆಯಿಂದಲೇ ನಿಲ್ಲಬೇಕೆಂಬುದು ಅವನ ಮತ. ಇದು ಅಂದಿನ ಯುರೋಪಿನ ಸೌಂದರ್ಯಶಾಸ್ತ್ರದ ಮತ. ಸ್ವದೇಶೀ ಕಲೆಯನ್ನು ಉದ್ಧರಿಸುವ ಮಾತಿನೊಳಗೇ ಆ ಕಲೆಯ ಒಂದು ಅಂಗವನ್ನು ಕತ್ತರಿಸುವ ಮಾತೂ ಸೇರಿದ್ದಿತು. ಫೆನಲೋಸನ ಉಪಕಾರವನ್ನು ನಾವು ಕಡೆಗಣಿಸುವುದಿಲ್ಲ. ಅವನೂ ಅವನ ಶಿಷ್ಯನಾದ ಒಕಾಕುರ ಕಾಕುಜೊವೂ ಇಲ್ಲದಿದ್ದರೆ ಎಷ್ಟೋ ನಿಧಿಗಳು ನಾಶವಾಗುತ್ತಿದ್ದುವು. ಆದರೆ ಉಪಕಾರದ ಲೆಕ್ಕವನ್ನೂ ಪೂರ್ತಿಯಾಗಿ ಬರೆಯಬೇಕು.

ಉಪನ್ಯಾಸಕ್ಕಿಂತ ಹೆಚ್ಚಾಗಿ ಕಲಾವಿದರನ್ನು ಬದುಕಿಸಿದುದು ವ್ಯಾಪಾರ. 1873ರ ವಿಯೆನ್ನದ ಪ್ರದರ್ಶನದಿಂದ ಮೊದಲುಗೊಂಡು ಜಪಾನಿನ ಕುಶಲವಸ್ತುಗಳಿಗೆ ಯುರೋಪಿನಲ್ಲಿ ಬೇಡಿಕೆ ಹೆಚ್ಚಿತು. ಆ ವಸ್ತುಗಳ ಮೇಲೆಲ್ಲ ಹೂವುಹಕ್ಕಿಗಳೇ. ಕ್ಯೋತೊದ ಕೋನೊ ಬೈರೆಯ್ (1844–1895) 1881ರಲ್ಲಿ ನೂರು ಹಕ್ಕಿಗಳ ಚಿತ್ರಸಂಪುಟವನ್ನು ಪ್ರಕಟಿಸಿದನು. ಅದೇ ಊರಿನ ಇಮಾವೊ ಕೇನೆನ್ (1845–1924) 1891–92ರಲ್ಲಿ ಋತುವಿಗೊಂದರಂತೆ ನಾಲ್ಕು ಸಂಪುಟಗಳ ಪುಷ್ಪಖಗಗ್ರಂಥವನ್ನು ಹೊರತಂದನು. ಇದರ ಪ್ರಕಾಶಕನು ಪುಸ್ತಕವ್ಯಾಪಾರಿಯಲ್ಲ, ಬಣ್ಣದ ರೇಷ್ಮೆಬಟ್ಟೆಯ ವರ್ತಕನಾದ ನಿಷಿಮುರ ಸೋಜಾಎಮೊನ್ ಎಂಬುದು ಗಮನಾರ್ಹ. ತೋಕ್ಯೊದ ವಾತಾನಾಬೆ ಸೇತೆಯ್ (1851–1918) 1878ರ ಪ್ರದರ್ಶನದ ಕಾಲದಲ್ಲಿ ಪ್ಯಾರಿಸ್ಸಿಗೆ ಹೋಗಿ ಬಂದವನು. 1909ರಲ್ಲಿ ಮುಗಿದ ಅಕಾಸಾಕ ಅರಮನೆಯ ಭೋಜನಶಾಲೆಗೆ ಇಂದಿಗೂ ‘ಹೂವುಹಕ್ಕಿಗಳ ಕೋಣೆ’ ಎಂದು ಹೆಸರು. ಹೊರಗೆ ನೋಡಿದರೆ ಪೂರ್ತಿಯಾಗಿ ಯುರೋಪಿನ ರಾಜಗೃಹ. ಒಳಗಿನ ಗೋಡೆಗಳಲ್ಲಿ ಸೇತೆಯ್‌ನ ಚಿತ್ರಗಳನ್ನು ಅನುಸರಿಸಿ ನಾಮಿಕಾವ ಸೋಸುಕೆ ಎಂಬವನು ಲೋಹದ ಮೇಲೆ ಎನಾಮೆಲ್ ಕೂರಿಸಿ ಮಾಡಿದ ಮೂವತ್ತು ಫಲಕಗಳು. ಪರದೇಶದ ಅತಿಥಿಗಳಿಗೆ ತೋರಿಸಬೇಕಾದ ‘ಜಪಾನು’ ಹೂವುಹಕ್ಕಿಗಳೇ ಎಂದು ಅಷ್ಟು ಹೊತ್ತಿಗೆ ನಿರ್ಣಯವಾಗಿದ್ದಿತು.

ಈಗ ಒಹಾರ ಕೊಸೊನ್ (1877–1945) ಎಂಬ ಚಿತ್ರಕಾರನ ವಿಷಯಕ್ಕೆ ಬರುವೆವು. ಪುನರುಜ್ಜೀವನದ ಗುಣದೋಷಗಳೆರಡೂ ಇವನಲ್ಲಿ ಮೂರ್ತಿಮತ್ತಾಗಿವೆ. ಕಾನಾಜಾವ ಎಂಬ ಊರಿನಲ್ಲಿ ಹುಟ್ಟಿ, ಸುಜುಕಿ ಕಾಸೊನ್ ಎಂಬವನ ಬಳಿ ಕಲಿತು, 1904–05ರ ರಷ್ಯದ ಯುದ್ಧಕಾಲದಲ್ಲಿ ಕಾಳಗದ ಅಚ್ಚುಚಿತ್ರಗಳನ್ನೂ ಬರೆದನು. ಅವನು ಹೆಸರು ಪಡೆದುದು ಹಕ್ಕಿಗಳಿಂದ. ಅವನ ಆರಂಭದ ಚಿತ್ರಗಳಲ್ಲಿ ಅನೇಕವು ಹಿರೊಷಿಗೆಯ ಕಾಲದಂತೆಯೇ ಕಿರಿದಾದ ಉದ್ದನೆಯ ಹಾಳೆಯ ಮೇಲೆ ಇವೆ. ಮೇಲೆ ಬಯಲೂ ಹಾಗೆಯೇ ಇದೆ. ಆ ಬಯಲಿನಲ್ಲಿ ಪದ್ಯ ಮಾತ್ರ ಇಲ್ಲ. ಮೂಲೆಯಲ್ಲಿ ಅಂಕಿತವೊಂದು, ಮುದ್ರೆಯೊಂದು. ಕೊಳ್ಳುವವರು ಅಮೆರಿಕದವರು, ಯುರೋಪಿನವರು. ಓದಲಾರದ ಅಕ್ಷರಕ್ಕೆ ಅವರು ಬೆಲೆ ಕೊಡುವುದೆಂತು?

1912ರ ಸುಮಾರಿನಲ್ಲಿ ಅವನು ಅಚ್ಚನ್ನು ಬಿಟ್ಟು ಷೋಸೊನ್ ಎಂಬ ಅಂಕಿತದಿಂದ ಕುಂಚದ ಚಿತ್ರಗಳಿಗೆ ತಿರುಗಿದನು. ಇತ್ತ ವಾತಾನಾಬೆ ಷೋಜಾಬುರೊ (1885–1962) ಎಂಬ ಪ್ರಕಾಶಕನು ಹಳೆಯ ಅಚ್ಚುಕಲೆಯನ್ನು ಹೊಸದಾಗಿ ನಡೆಸಬೇಕೆಂದು ಹೊರಟು, 1915ರಿಂದ ಮುಂದಕ್ಕೆ ‘ಷಿನ್‌ಹಾಂಗ’, ಎಂದರೆ ಹೊಸ ಅಚ್ಚು ಎಂಬ ಹೆಸರಿನಲ್ಲಿ ಚಿತ್ರಗಳನ್ನು ಹೊರಡಿಸತೊಡಗಿದನು. 1923ರ ಸೆಪ್ಟೆಂಬರ್ 1ರ ಭೂಕಂಪದ ಬೆಂಕಿಯಲ್ಲಿ ಅವನ ಅಂಗಡಿಯೂ ಅಚ್ಚಿನ ಹಲಗೆಗಳೂ ಸುಟ್ಟುಹೋದುವು. ಮೊದಲಿನಿಂದ ಮತ್ತೆ ಕಟ್ಟಿದನು. 1926ರಲ್ಲಿ ಕೊಸೊನ್ ಅವನನ್ನು ಸೇರಿದನು.

ವಾತಾನಾಬೆಯು ಉಳಿಸಿದುದು ಏನೆಂಬುದನ್ನು ತಿಳಿಯಬೇಕಾದರೆ ಕೆಲಸದ ಕ್ರಮವನ್ನು ನೋಡಬೇಕು. ಚಿತ್ರಕಾರನು ತೆಳ್ಳನೆಯ ಕಾಗದದ ಮೇಲೆ ಬರೆದ ರೇಖಾಚಿತ್ರವನ್ನು ಚೆರಿ ಮರದ ಹಲಗೆಯ ಮೇಲೆ ಬೋರಲಾಗಿ ಅಂಟಿಸಿ, ರೇಖೆಯನ್ನು ಬಿಟ್ಟು ಮಿಕ್ಕ ಭಾಗವನ್ನು ಕೆತ್ತುವವನು ಒಬ್ಬನು. ಬಣ್ಣ ಬಣ್ಣಕ್ಕೂ ಬೇರೆ ಬೇರೆ ಕೆತ್ತನೆಯಾಗಬೇಕು. ಒತ್ತುವವನು ಮತ್ತೊಬ್ಬನು. ಅವನು ನೀರಿನಲ್ಲಿ ಕಲಸಿದ ಬಣ್ಣವನ್ನು ಅಕ್ಕಿಯ ಸರಿಯೊಡನೆ ಹಲಗೆಗೆ ಬಳಿದು, ತೇವಗೊಳಿಸಿದ ಕಾಗದವನ್ನು ಅದರ ಮೇಲೆ ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ‘ಬರೆನ್’ ಎಂಬ ಬಿಲ್ಲೆಯಿಂದ ಬೆನ್ನುಜ್ಜುತ್ತಾನೆ. ಸಂಜೆಯ ಆಕಾಶವು ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತ ಬರುವ ಬಗೆಯು ಕೆತ್ತನೆಯಿಂದ ಬರುವುದಲ್ಲ. ಹಲಗೆಯ ಮೇಲೆ ಬಣ್ಣವನ್ನು ಒರಸುವ ಒತ್ತುಗಾರನ ಕೈಯಿಂದ ಬರುವುದು. ಒಂದು ಹಾಳೆಯು ಹಲವು ಹತ್ತು ಸಲ ಒತ್ತಲ್ಪಡಬೇಕು. ಕೂದಲೆಳೆಯಷ್ಟು ಸರಿದರೂ ಕೊಕ್ಕರೆಯ ಕಣ್ಣು ಕೆನ್ನೆಗೆ ಬೀಳುತ್ತದೆ. ಕಲ್ಲಚ್ಚೂ ಛಾಯಾಚಿತ್ರವೂ ಬಂದ ಮೇಲೆ ಈ ಕೈಗಳಿಗೆ ಕೆಲಸವಿರಲಿಲ್ಲ. ಪರದೇಶದ ಕೊಳ್ಳುಗನಿಲ್ಲದಿದ್ದರೆ ಈ ವಿದ್ಯೆಯು ಒಂದು ತಲೆಮಾರಿನಲ್ಲಿ ಅಡಗಿಹೋಗುತ್ತಿದ್ದಿತು. ಆದುದರಿಂದ ವ್ಯಾಪಾರವೆಂದು ಮೂಗು ಮುರಿಯುವವರೊಡನೆ ನಾವು ಸೇರಲಾರೆವು.

ಕೊಸೊನ್ನನ ಈ ಎರಡನೆಯ ಕಾಲದ ಬಣ್ಣಗಳು ಮೊದಲಿಗಿಂತ ಗಾಢ. ಮಳೆಯಲ್ಲಿ ಒಂಟಿಕಾಲಿನ ಬೆಳ್ಳಕ್ಕಿ, ಹಿಮದ ರಾತ್ರಿಯ ಬಾತು ಮೊದಲಾದ ಹಳೆಯ ವಸ್ತುಗಳೊಡನೆ, ದಾಳಿಂಬೆಯ ಕೊಂಬೆಯ ಮೇಲೆ ಕುಳಿತ ಬಿಳಿಯ ಕಾಕಟೂ ಗಿಣಿಯೂ ಕಾಣಿಸಿಕೊಂಡಿತು. ಕಾಕಟೂ ಜಪಾನಿನ ಹಕ್ಕಿಯಲ್ಲ. ತೇಯ್ಕಾನ ಹನ್ನೆರಡು ತಿಂಗಳಲ್ಲಿ ಅದಕ್ಕೆ ಸ್ಥಳವಿಲ್ಲ. ಚಿತ್ರವು ಅತ್ಯಂತ ಸುಂದರವಾಗಿದೆ. ಸುಂದರವಾದುದು ಸಂಪ್ರದಾಯವೆಂಬ ಹೆಸರಿನಲ್ಲಿ ಮಾರಾಟವಾಯಿತು ಎಂಬುದಷ್ಟೇ ನಮ್ಮ ಆಕ್ಷೇಪ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕಾಗಿದೆ. ಕಾನೊ ಮನೆತನದ ಜಾರುಬಾಗಿಲುಗಳ ಮೇಲೆ ಪದ್ಯವಿತ್ತೇ? ಇಲ್ಲ. ಜಾಕುಚುವಿನ ಮೂವತ್ತು ಪಟಗಳ ಮೇಲೆ? ಅಲ್ಲಿಯೂ ಇಲ್ಲ. ಹೊಕುಸಾಯನ ಸಣ್ಣ ಹಾಳೆಯ ಹೂವುಗಳಲ್ಲಿ ಪದ್ಯವುಂಟು, ದೊಡ್ಡ ಹಾಳೆಯ ಹೂವುಗಳಲ್ಲಿ ಇಲ್ಲ. ಹೀಗಿರಲು ಕೊಸೊನ್ನನನ್ನು ಮಾತ್ರ ದೂರುವುದು ನ್ಯಾಯವೇ ಎಂದು ಕೇಳಬಹುದು. ಪ್ರಶ್ನೆಯು ಯುಕ್ತವಾದುದು. ನಮ್ಮ ಸಮಾಧಾನವೇನೆಂದರೆ, ಕಾಗದದ ಮೇಲೆ ಪದ್ಯವಿಲ್ಲದಿರುವುದೂ ನೋಡುವವನ ಮನಸ್ಸಿನಲ್ಲಿ ಪದ್ಯವಿಲ್ಲದಿರುವುದೂ ಒಂದಲ್ಲ. ಪ್ಲಮ್ ಕೊಂಬೆಯ ಮೇಲಿನ ಉಗುಇಸುವನ್ನು ಕಂಡೊಡನೆ ಎದೊ ನಗರದ ಓದುಬಲ್ಲ ವರ್ತಕನಿಗೆ ಹತ್ತಾರು ಪದ್ಯಗಳು ನೆನಪಿಗೆ ಬರುತ್ತಿದ್ದುವು. ಬರೆಯದಿದ್ದರೂ ಅಲ್ಲಿ ಮಾತಿದ್ದಿತು. ಬಾಸ್ಟನ್ನಿನ ಗೃಹಸ್ಥನಿಗೆ ಅದು ಹಕ್ಕಿ, ಅದು ಹೂವು. ಅಳಿದುದು ಚಿತ್ರದಲ್ಲಿ ಅಲ್ಲ, ನೋಟದಲ್ಲಿ. ಚಿತ್ರಕಾರನು ಇದನ್ನು ಅರಿತಿದ್ದನೆಂದೇ ತೋರುತ್ತದೆ. ನೆನಪಿನ ಬೆಂಬಲವಿಲ್ಲದೆ ಬರಿಯ ಕಣ್ಣನ್ನು ಹಿಡಿದು ನಿಲ್ಲಿಸಬೇಕಾಗಿದ್ದುದರಿಂದಲೇ ಅವನ ಹಕ್ಕಿಗಳಿಗೆ ಅಂಥ ಒಂಟಿತನವೂ ತೀಕ್ಷ್ಣತೆಯೂ ಬಂದಿರಬೇಕು. ಇದು ಊಹೆ, ಆದರೆ ಹಿರೊಷಿಗೆಯ ಹಕ್ಕಿಯ ಪಕ್ಕದಲ್ಲಿ ಕೊಸೊನ್ನನ ಹಕ್ಕಿಯನ್ನು ಇಟ್ಟು ನೋಡಿದವರು ಇದನ್ನು ಅಲ್ಲಗಳೆಯಲಾರರು.

1930 ಮತ್ತು 1936ರಲ್ಲಿ ಅಮೆರಿಕದ ಟೊಲೀಡೊ ಕಲಾಸಂಗ್ರಹಾಲಯದಲ್ಲಿ ನಡೆದ ಪ್ರದರ್ಶನಗಳಿಂದ ಹೊಸ ಅಚ್ಚಿಗೆ ಕೀರ್ತಿ ಹಬ್ಬಿತು. ಯುದ್ಧವು ಆ ಪೇಟೆಯನ್ನು ಮುಚ್ಚಿತು. ಯುದ್ಧಾನಂತರ ಜಪಾನಿನಲ್ಲಿ ಪುಷ್ಪಖಗಚಿತ್ರದ ಎಳೆಯು ಅಚ್ಚಿನಲ್ಲಿ ಅಲ್ಲ, ಕುಂಚದಲ್ಲಿ ಮುಂದುವರಿಯಿತು. ಸ್ತ್ರೀಚಿತ್ರಗಳಿಗೆ ಹೆಸರಾದ ಉಎಮುರ ಷೋಎನ್ ಎಂಬಾಕೆಯ ಮಗ ಷೋಕೊ (1902–2001), ಅವನ ಮಗ ಅತ್ಸುಷಿ (1933–2024), ಇಬ್ಬರೂ ಹೂವುಹಕ್ಕಿಗಳನ್ನೇ ಬರೆದು ಸರ್ಕಾರದ ಸಂಸ್ಕೃತಿಪದಕವನ್ನು ಪಡೆದರು. ಅತ್ಸುಷಿಯು ನಾರಾದ ತನ್ನ ಮನೆಯಲ್ಲಿ ನೂರಾರು ಹಕ್ಕಿಗಳನ್ನು ಸಾಕಿದ್ದನು. ಜಾಕುಚುವಿನ ಅಂಗಳವು ನೆನಪಾಗದಿರದು.

ಜಾಕುಚುವಿನ ಪಟಗಳ ಕಥೆಯನ್ನು ಹೇಳುವುದಾಗಿ ಮಾತು ಕೊಟ್ಟಿದ್ದೆವು. ಬಡತನಕ್ಕೆ ಬಿದ್ದ ಶೋಕೊಕು-ಜಿ ಮಠವು 1889ರಲ್ಲಿ ಆ ಮೂವತ್ತು ಪಟಗಳನ್ನು ಅರಮನೆಗೆ ಒಪ್ಪಿಸಿ, ಹತ್ತು ಸಾವಿರ ಯೆನ್ನುಗಳನ್ನು ಪಡೆದು, ತನ್ನ ನೆಲವನ್ನು ಉಳಿಸಿಕೊಂಡಿತು. ಚಿತ್ರಕಾರನ ಹೆಸರು ಬಹುಕಾಲ ಹಿಂದೆ ಸರಿದಿದ್ದಿತು. 1970ರಲ್ಲಿ ತ್ಸುಜಿ ನೊಬುಒ ಎಂಬ ವಿದ್ವಾಂಸನು ಪ್ರಕಟಿಸಿದ ಗ್ರಂಥವೂ, ಅಮೆರಿಕದ ಜೋ ಪ್ರೈಸ್ ಎಂಬ ಸಂಗ್ರಾಹಕನ ಒಲವೂ ಅದನ್ನು ಮೇಲೆತ್ತಿದುವು. 2016ರಲ್ಲಿ ತೋಕ್ಯೊದಲ್ಲಿ ಒಂದು ತಿಂಗಳ ಕಾಲ ಈ ಪಟಗಳನ್ನು ತೋರಿಸಿದಾಗ ನಾಲ್ಕು ಲಕ್ಷಕ್ಕೂ ಮಿಕ್ಕ ಜನರು ಬಂದು, ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. 2021ರಲ್ಲಿ ಅವು ರಾಷ್ಟ್ರನಿಧಿಗಳೆಂದು ಘೋಷಿಸಲ್ಪಟ್ಟುವು.

ಕೊಸೊನ್ನನು ಸ್ವದೇಶಕ್ಕೆ ಮರಳಿದುದು ಇನ್ನೂ ತಡವಾಗಿ. 2018ರಲ್ಲಿ ಚಿಗಾಸಾಕಿ ನಗರದ ಕಲಾಸಂಗ್ರಹಾಲಯದಲ್ಲಿಯೂ 2019ರಲ್ಲಿ ತೋಕ್ಯೊದ ಓತಾ ಸ್ಮಾರಕ ಸಂಗ್ರಹಾಲಯದಲ್ಲಿಯೂ ಅವನ ಅಚ್ಚುಚಿತ್ರಗಳನ್ನು ಪ್ರದರ್ಶಿಸಿದರು. ಅವನು ಸತ್ತು ಎಪ್ಪತ್ತು ವರುಷಗಳು ಮೀರಿದ್ದುವು. ಆ ಚಿತ್ರಗಳಲ್ಲಿ ಹೆಚ್ಚಿನವುಗಳ ಮೇಲೆ ಅಂಕಿತವೂ ಮುದ್ರೆಯೂ ಹೊರತು ಮತ್ತೊಂದು ಅಕ್ಷರವಿಲ್ಲ. ಅವುಗಳನ್ನು ನಾವು ಕರೆಯುವ ಹೆಸರುಗಳು ಬಹುಮಟ್ಟಿಗೆ ಸಂಗ್ರಾಹಕರು ಗುರುತಿಗಾಗಿ ಇಟ್ಟುಕೊಂಡವು, ಇಲ್ಲವೆ ವಾತಾನಾಬೆಯು 1936ರಲ್ಲಿ ಪರದೇಶದ ಗಿರಾಕಿಗಳಿಗಾಗಿ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದಂಥ ಬೆಲೆಪಟ್ಟಿಗಳಿಂದ ಬಂದವು.